ಸೋಮವಾರ ತೆಗೆಯಬೇಕಾದ ಸಾಲು

‘ನೆಟ್‌ವರ್ಕ್ ಸರಿ ಇದೆ’ ಎಂದು ಬರೆದು ಸಹಿ ಹಾಕುವುದು ತಂತಿಗೆ ಉಸಿರಾಟದಷ್ಟೇ ರೂಢಿಯಾಗಿತ್ತು. ಕಳೆದ ಹದಿನೆಂಟು ದಿನಗಳಲ್ಲಿ ಆ ಮಾತನ್ನು ಅವನು ಮೂರು ಚೀಟಿಗಳ ಮೇಲೆ ಬರೆದಿದ್ದ. ಮೂರೂ ಈಗ ಸೂಪರಿಂಟೆಂಡೆಂಟರ ಮೇಜಿನ ಮೇಲೆ ಒಂದೇ ಕ್ಲಿಪ್ಪಿಗೆ ಸಿಕ್ಕಿಕೊಂಡು, ಎಕ್ಸ್‌ರೇ ಅಕ್ಕನ ವಿರುದ್ಧ ಸಾಕ್ಷಿ ಹೇಳಲು ಕಾದು ಕುಳಿತಿದ್ದವು.

ತಂತಿಯ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ಆಸ್ಪತ್ರೆಯ ಮೂರು ಕಟ್ಟಡಗಳಲ್ಲಿ ಎಲ್ಲಿ ಏನು ಕೆಟ್ಟರೂ, ಕಂಪ್ಯೂಟರ್ ಇರಲಿ, ಗೋಡೆ ಗಡಿಯಾರ ಇರಲಿ, ಒಮ್ಮೆ ದಂತವೈದ್ಯರ ಕುರ್ಚಿಯೂ ಸೇರಿ, ‘ತಂತಿಯನ್ನ ಕರೀರಿ’ ಎನ್ನುತ್ತಿದ್ದರು. ಹೋಗುತ್ತಿದ್ದ. ಹದಿಮೂರು ವರ್ಷ ಹೀಗೆ ಹೋಗಿ ಹೋಗಿ ಅವನ ಮುಖ, ಕೇಳುವವರು ಬಾಯಿ ತೆರೆಯುವ ಮೊದಲೇ ‘ಆಯ್ತು ಬಿಡಿ, ನೋಡ್ತೀನಿ’ ಎನ್ನುವ ಆಕಾರಕ್ಕೆ ಬಂದು ನಿಂತಿತ್ತು.

ಎಕ್ಸ್‌ರೇ ಅಕ್ಕನ ಮೇಲಿನ ಆರೋಪ ಸರಳವಾಗಿತ್ತು. ಹೊಸ ಕಟ್ಟಡದಲ್ಲಿ ಅವಳು ತೆಗೆದ ಚಿತ್ರಗಳು ರಸ್ತೆಯಾಚೆಯ ಎದುರು ಕಟ್ಟಡದಲ್ಲಿರುವ ಚಿತ್ರಭಂಡಾರಕ್ಕೆ ಹೋಗಬೇಕು. ಅಲ್ಲಿ ವೈದ್ಯರು ನೋಡಿ ಮೂಳೆ ಮುರಿದಿದೆಯೋ, ರೋಗಿಯ ಧೈರ್ಯ ಮಾತ್ರ ಮುರಿದಿದೆಯೋ ಹೇಳುತ್ತಾರೆ. ಹದಿನೆಂಟು ದಿನಗಳಲ್ಲಿ ನಲವತ್ತೊಂದು ಜನರ ಚಿತ್ರ ಅಲ್ಲಿಗೆ ತಲುಪಲೇ ಇಲ್ಲ. ಎಲ್ಲವೂ ಮಧ್ಯಾಹ್ನ ಒಂದರಿಂದ ಎರಡರ ನಡುವೆ ತೆಗೆದವು. ಅದು ಊಟದ ಹೊತ್ತು. ಆ ಹೊತ್ತಿನಲ್ಲಿ ಇಡೀ ಆಸ್ಪತ್ರೆ ಡಬ್ಬಿ ಬಿಚ್ಚುತ್ತದೆ. ಬಾಗಿಲಲ್ಲಿ ಕೈಕಾಲು ಮುರಿದವರು ಕೂತಿರುವಾಗ ತುತ್ತು ಇಳಿಯುವುದಿಲ್ಲ ಎಂದು ಅಕ್ಕ ಮಾತ್ರ ಕೆಲಸ ಮಾಡುತ್ತಿದ್ದಳು. ಸೂಪರಿಂಟೆಂಡೆಂಟರಿಗೆ ಇದು ಬೇರೆಯೇ ರೀತಿ ಕಂಡಿತ್ತು. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಗುಂಡಿ, ಕಳುಹಿಸುವುದನ್ನು ಮರೆತಿದ್ದಾಳೆ. ‘ಊಟದ ವೇಳೆಯ ಅಜಾಗರೂಕತೆ’ ಎಂದು ನೋಟಿಸಿನಲ್ಲಿ ಬರೆಸಿದ್ದರು. ಆ ದಿನ ನಾಲ್ಕು ಗಂಟೆಗೆ ವಿಚಾರಣೆ. ಆರೋಪ ನಿಂತರೆ ಇಪ್ಪತ್ತೆರಡು ವರ್ಷ ಎಕ್ಸ್‌ರೇ ಕೋಣೆಯಲ್ಲಿ ನಿಂತವಳು ನೆಲಮಾಳಿಗೆಯ ದಾಖಲೆ ಕೋಣೆಗೆ ಹೋಗಿ ಹಳೆಯ ಫೈಲುಗಳ ಧೂಳು ಒರೆಸಬೇಕಿತ್ತು.

ಹನ್ನೆರಡೂಮುಕ್ಕಾಲಿಗೆ ಅವಳು ತಂತಿಯ ಕೋಣೆಯ ಬಾಗಿಲಿಗೆ ಬಂದು ನಿಂತಳು. ತಂತಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ.

“ಮುಚ್ಚು,” ಎಂದಳು ಅಕ್ಕ.

“ಏನಕ್ಕ?”

“ಡಬ್ಬಿ ಮುಚ್ಚು. ಇವತ್ತು ಒಂದು ಗಂಟೆಗೆ ನೀನು ನನ್ನ ಪಕ್ಕ ಕೂತ್ಕೋಬೇಕು.”

“ನಾನು ಮೂರು ಸಲ ಪರೀಕ್ಷೆ ಮಾಡಿದೀನಕ್ಕ. ಮೂರು ಸಲನೂ ಸರಿಯಾಗೇ ಇತ್ತು.”

“ಎಷ್ಟೊತ್ತಿಗೆ ಮಾಡ್ದೆ?”

ತಂತಿ ಯೋಚಿಸಿದ. ಎರಡು ಸಲ ಬೆಳಿಗ್ಗೆ ಒಂಬತ್ತಕ್ಕೆ, ಬಂದ ಕೂಡಲೇ. ಒಮ್ಮೆ ಮಧ್ಯಾಹ್ನ ಎರಡೂವರೆಗೆ.

“ಊಟದ ಹೊತ್ತಲ್ಲಿ ಚಿತ್ರ ಕಳೆದುಹೋಗುತ್ತೆ ಅಂತ ದೂರು ಕೊಟ್ರೆ, ನೀನು ಊಟ ಮುಗಿಸ್ಕೊಂಡು ಬಂದು ನೋಡ್ತೀಯ. ನಿನ್ನ ಮನೇಲಿ ಕಳ್ಳ ಬಂದ್ರೆ ಅವನು ಹೋದಮೇಲೆ ಬಾಗಿಲು ತೆಗೆದು ನೋಡಿ, ಯಾರೂ ಇಲ್ಲ ಅಂತ ಬರೆದು ಸಹಿ ಹಾಕ್ತೀಯ.”

ತಂತಿ ಡಬ್ಬಿ ಮುಚ್ಚಿದ. ಈ ಸರಳ ಸಂಗತಿ ಹದಿನೆಂಟು ದಿನ ಯಾರಿಗೂ ಹೊಳೆಯದೆ ಇದ್ದುದಕ್ಕೆ ಕಾರಣವೂ ಸರಳವೇ. ಹೊಳೆಯಬೇಕಾದವರೆಲ್ಲ ಆ ಹೊತ್ತಿನಲ್ಲಿ ಊಟ ಮಾಡುತ್ತಿದ್ದರು.

ಎಕ್ಸ್‌ರೇ ಕೋಣೆಯಲ್ಲಿ ಯಂತ್ರದ ಅಳತೆ ನೋಡಲು ಇಟ್ಟ ಒಂದು ಪ್ಲಾಸ್ಟಿಕ್ ಕೈ ಇತ್ತು. ಮೊಣಕೈಯಿಂದ ಕೆಳಗೆ, ಒಳಗೆ ನಕಲಿ ಮೂಳೆ. ಒಂದೂ ಹತ್ತಕ್ಕೆ ಅಕ್ಕ ಅದನ್ನು ಮಲಗಿಸಿ ಚಿತ್ರ ತೆಗೆದಳು. ಕಳುಹಿಸುವ ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಟಿಕ್ ಬಂತು.

“ನೋಡು. ಹೋಯ್ತು ಅಂತು.”

“ಅದು ಹೋಯ್ತು ಅಂತ ಅಲ್ಲಕ್ಕ. ನನ್ನ ಕೈಯಿಂದ ಬಿಟ್ಟೆ ಅಂತ ಅಷ್ಟೆ.”

“ಅದನ್ನ ಇಷ್ಟು ವರ್ಷ ಯಾಕಪ್ಪ ಹೇಳ್ಲಿಲ್ಲ?”

ಎದುರು ಕಟ್ಟಡಕ್ಕೆ ಫೋನ್ ಮಾಡಿದರು. ಕೈ ಬಂದಿರಲಿಲ್ಲ. ಯಂತ್ರ ಐದೈದು ನಿಮಿಷ ಬಿಟ್ಟು ಮೂರು ಸಲ ಪ್ರಯತ್ನಿಸಿ, ನಾಲ್ಕನೆಯ ಸಲಕ್ಕೆ ಸುಮ್ಮನಾಯಿತು. ಯಾರಿಗೂ ಹೇಳದೆ ಸುಮ್ಮನಾಗುವುದು ಅದರ ಸ್ವಭಾವ. ಮರುದಿನ ಬೆಳಿಗ್ಗೆಯ ಹೊತ್ತಿಗೆ ತನ್ನಲ್ಲಿದ್ದ ಪ್ರತಿಯನ್ನೂ ಅಳಿಸಿಬಿಡುತ್ತಿತ್ತು.

ತಂತಿ ತನ್ನ ಲ್ಯಾಪ್‌ಟಾಪ್ ತೆಗೆದು, ಚಿತ್ರಭಂಡಾರಕ್ಕೆ ಹೋಗುವ ಪ್ಯಾಕೆಟ್ಟು ಯಾವ ಯಾವ ರೌಟರ್ ದಾಟಿ ಹೋಗುತ್ತದೆ ಎಂದು ತೋರಿಸುವ ಆಜ್ಞೆ ಕೊಟ್ಟ. ಸಾಮಾನ್ಯವಾಗಿ ಎರಡು ಮೂರು ಸಾಲಿನಲ್ಲಿ ಮುಗಿಯುವ ಉತ್ತರ. ಈಗ ಸಾಲುಗಳು ಬರುತ್ತಲೇ ಇದ್ದವು. ಎರಡೇ ವಿಳಾಸಗಳು, ಒಂದರ ಕೆಳಗೆ ಇನ್ನೊಂದು. ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ಮೂವತ್ತನೆಯ ಸಾಲಿಗೆ ಪರದೆಯೇ ಬೇಸತ್ತು ನಿಂತಿತು.

“ಏನಿದು, ರಾಮಾಯಣ?” ಎಂದಳು ಅಕ್ಕ.

“ನಿಮ್ಮ ಚಿತ್ರ ಇಡಿಯಾಗಿ ಹೋಗಲ್ಲಕ್ಕ. ಸಾವಿರಾರು ಚೂರಾಗಿ ಹೋಗುತ್ತೆ. ಒಂದೊಂದು ಚೂರಿನ ಮೇಲೂ ವಿಳಾಸ. ದಾರೀಲಿ ಸಿಗೋ ರೌಟರ್‌ಗೆ ಪೂರ್ತಿ ದಾರಿ ಗೊತ್ತಿರಲ್ಲ. ಅದರ ಹತ್ರ ಒಂದು ಪಟ್ಟಿ ಇರುತ್ತೆ. ಇಂಥ ವಿಳಾಸಕ್ಕಾದ್ರೆ ಈ ಪಕ್ಕದವನ ಕೈಗೆ ಕೊಡು, ಅಂಥದಕ್ಕಾದ್ರೆ ಆ ಪಕ್ಕದವನ ಕೈಗೆ ಕೊಡು ಅಂತ. ಕೊಟ್ಟ ಮೇಲೆ ಅದು ತಿರುಗಿ ನೋಡಲ್ಲ.”

“ನಮ್ಮ ವಿಚಾರಣೆ ಕೌಂಟರು.”

“ಹಾಗೇ ಅಂದ್ಕೊಳಿ. ಈಗ ಆಗ್ತಿರೋದು ಏನಂದ್ರೆ, ಇಲ್ಲಿ ಮುಖ್ಯ ರೌಟರ್ ಇದನ್ನ ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಕೊಡ್ತಿದೆ. ಅದು ನನಗೆ ಗೊತ್ತಿಲ್ಲಪ್ಪ, ದೊಡ್ಡವರನ್ನೇ ಕೇಳು ಅಂತ ವಾಪಸ್ ಮುಖ್ಯ ರೌಟರ್‌ಗೆ ಕೊಡ್ತಿದೆ. ಮುಖ್ಯ ರೌಟರ್ ಮತ್ತೆ ಅದಕ್ಕೇ.”

“ಎಲ್ಲೀ ತನಕ?”

“ಒಂದೊಂದು ಚೂರಿನ ಮೇಲೂ ಒಂದು ಸಂಖ್ಯೆ ಇರುತ್ತೆ. ಅರವತ್ನಾಲ್ಕು ಅಂತಿಟ್ಕೊಳಿ. ಒಂದು ರೌಟರ್ ದಾಟಿದ್ರೆ ಒಂದು ಕಡಿಮೆ. ಸೊನ್ನೆಗೆ ಬಂದಾಗ, ಅದು ಯಾರ ಕೈಯಲ್ಲಿರುತ್ತೋ ಅವರು ಬಿಸಾಕ್ತಾರೆ.”

ಅಕ್ಕ ಪ್ಲಾಸ್ಟಿಕ್ ಕೈಯನ್ನು ಎತ್ತಿ ಕಪಾಟಿನಲ್ಲಿಟ್ಟಳು. “ಈ ಆಸ್ಪತ್ರೇಲಿ ನನಗೆ ಇನ್ನು ಎಷ್ಟು ಉಳಿದಿದೆಯೋ,” ಎಂದಳು. ಆಮೇಲೆ ತಿರುಗಿ, “ಆ ಪಟ್ಟಿ ಯಾರು ಬರೆಯೋದು?” ಎಂದು ಕೇಳಿದಳು.

“ಬಹಳಷ್ಟು ಅವವೇ ಒಂದಕ್ಕೊಂದು ಹೇಳಿ ಬರ್ಕೊಳ್ತವೆ. ನನ್ನ ಕಡೆಯಿಂದ ಇಲ್ಲಿಗೆ ಹೋಗಬಹುದು ಅಂತ ಪಕ್ಕದ್ದು ಹೇಳುತ್ತೆ, ಇದು ನಂಬುತ್ತೆ. ಕೆಲವು ಸಾಲು ಮಾತ್ರ ಕೈಯಲ್ಲಿ ಬರೆಯೋದು. ಕೈಯಲ್ಲಿ ಬರೆದದ್ದಕ್ಕೆ ಬೆಲೆ ಜಾಸ್ತಿ. ಪಕ್ಕದವರು ಏನೇ ಹೇಳ್ಲಿ, ಅದೇ ನಡೆಯೋದು.”

“ಯಾರ ಕೈ?”

ಆಸ್ಪತ್ರೆಯಲ್ಲಿ ಆ ಪಟ್ಟಿ ಮುಟ್ಟುವ ಕೈ ಒಂದೇ ಇತ್ತು. ಅದು ಈಗ ಲ್ಯಾಪ್‌ಟಾಪ್ ಮುಚ್ಚುತ್ತಿತ್ತು.

“ನೋಡ್ತೀನಿ,” ಎಂದ ತಂತಿ.

ಕೋಣೆಗೆ ಹಿಂದಿರುಗಿ ಮುಖ್ಯ ರೌಟರ್‌ನ ಪಟ್ಟಿ ತೆರೆದ. ಎದುರು ಕಟ್ಟಡದ ಇನ್ನೂರೈವತ್ತು ವಿಳಾಸಗಳಿಗೂ ರಸ್ತೆಯಡಿಯ ಕೇಬಲ್ಲಿನಲ್ಲಿ ನೇರ ದಾರಿ ಎಂಬ ಸಾಲು ಅಲ್ಲಿ ಇತ್ತು. ಅದರ ಪಕ್ಕದಲ್ಲೇ ಇನ್ನೊಂದು: ಅದೇ ಕಟ್ಟಡದೊಳಗಿನ ಎಂಟೇ ಎಂಟು ವಿಳಾಸಗಳಿಗೆ, ಅಂದರೆ ಚಿತ್ರಭಂಡಾರಕ್ಕೆ, ಮೆಟ್ಟಿಲ ಕೆಳಗಿನ ಪೆಟ್ಟಿಗೆಯ ದಾರಿ. ಒಂದು ವಿಳಾಸಕ್ಕೆ ಎರಡು ಸಾಲು ಹೊಂದಿದರೆ ರೌಟರ್ ಹೆಚ್ಚು ನಿಖರವಾದದ್ದನ್ನೇ ಹಿಡಿಯುತ್ತದೆ. ‘ಆ ಬೀದಿಯವರೆಲ್ಲ ಈ ಕಡೆ’ ಎಂಬುದಕ್ಕಿಂತ ‘ಆ ಬೀದಿಯ ನೀಲಿ ಬಾಗಿಲಿನವರು ಆ ಕಡೆ’ ಎಂಬುದಕ್ಕೆ ಹೆಚ್ಚು ಮರ್ಯಾದೆ. ಯಾವ ದಾರಿ ಹತ್ತಿರ, ಯಾವುದು ಹೊಸದು ಎಂಬ ಪ್ರಶ್ನೆ ಆಮೇಲಿನದು; ಇಲ್ಲಿ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬಿದ್ದಿರಲಿಲ್ಲ.

ಆ ಎಂಟು ವಿಳಾಸಗಳ ಸಾಲಿನ ಮುಂದೆ ಒಂದು ಷರಾ ಇತ್ತು: ‘ತಾತ್ಕಾಲಿಕ. ಸೋಮವಾರ ತೆಗೆಯಬೇಕು. ತಂತಿ.’ ಪಕ್ಕದಲ್ಲಿ ಒಂಬತ್ತು ವರ್ಷ ಹಿಂದಿನ ತಾರೀಖು, ಒಂದು ಶುಕ್ರವಾರದ್ದು.

ನೆನಪಾಯಿತು. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ್ದರು. ಶನಿವಾರ ಭಾನುವಾರ ಚಿತ್ರಗಳು ನಿಲ್ಲಬಾರದೆಂದು ಹಳೆಯ ಕಟ್ಟಡದ ಮೂಲಕ ಸುತ್ತು ದಾರಿ ಹಾಕಿದ್ದ. ಭಾನುವಾರ ಕೇಬಲ್ ಸರಿಹೋಯಿತು. ಸೋಮವಾರ ಸಾಲು ತೆಗೆಯಬೇಕಿತ್ತು. ತೆಗೆಯದಿದ್ದರೂ ಯಾರಿಗೂ ಗೊತ್ತಾಗಲಿಲ್ಲ. ಒಂಬತ್ತು ವರ್ಷ ಆ ಆಸ್ಪತ್ರೆಯ ಪ್ರತಿ ಮುರಿದ ಮೂಳೆಯೂ ಹಳೆಯ ಕಟ್ಟಡ ಸುತ್ತಿಕೊಂಡೇ ರಸ್ತೆ ದಾಟಿತ್ತು.

ಹಾಗಾದರೆ ಹದಿನೆಂಟು ದಿನಗಳ ಹಿಂದೆ ಏನಾಯಿತು? ತಂತಿ ಹಳೆಯ ಕಟ್ಟಡಕ್ಕೆ ಹೋದ. ಗಂಟೆ ಒಂದೂ ಐವತ್ತು. ಕಾರಿಡಾರು ಕತ್ತಲಾಗಿತ್ತು. ಮೆಟ್ಟಿಲ ಕೆಳಗಿನ ಪೆಟ್ಟಿಗೆ ಮಿನುಗುತ್ತಿತ್ತು. ಅಲ್ಲಿಂದ ಹೊರಟ ವೈರು ಕಾರಿಡಾರಿನ ತುದಿಯಲ್ಲಿ, ದೀಪದ ಪಕ್ಕದ ಒಂದು ಪುಟ್ಟ ಡಬ್ಬಿಗೆ ಸೇರಿ, ರಸ್ತೆಯಾಚೆಗೆ ಹೋಗುತ್ತಿತ್ತು. ಆ ಡಬ್ಬಿಯಲ್ಲಿ ಜೀವ ಇರಲಿಲ್ಲ. ಸ್ಟೂಲಿನ ಮೇಲೆ ಕೂತು ಊಟದ ಡಬ್ಬಿಯ ಕೊನೆಯ ತುತ್ತು ಬಾಚುತ್ತಿದ್ದ ಎಲೆಕ್ಟ್ರೀಷಿಯನ್ ಗೋಡೆಗೆ ಅಂಟಿಸಿದ್ದ ಸೂಪರಿಂಟೆಂಡೆಂಟರ ಸುತ್ತೋಲೆಯತ್ತ ಗದ್ದ ಎತ್ತಿದ.

“ಒಂದರಿಂದ ಎರಡು ಲೈಟ್ ಆರಿಸ್ಬೇಕಂತೆ. ಕರೆಂಟ್ ಉಳಿಸೋದು. ಹದಿನೆಂಟು ದಿನ ಆಯ್ತು. ಕತ್ತಲಲ್ಲಿ ಉಣ್ಣೋದು ಅಭ್ಯಾಸ ಆಗೋಗಿದೆ.”

“ಈ ಡಬ್ಬಿಗೆ ಕರೆಂಟ್ ಎಲ್ಲಿಂದ?”

“ಲೈಟಿನ ಲೈನಿಂದಾನೆ. ಯಾವನೋ ಎಳೆದಿದಾನೆ.”

“ನಾನೇ.”

ಎಲೆಕ್ಟ್ರೀಷಿಯನ್ ಕೈ ನೆಕ್ಕುವುದನ್ನು ನಿಲ್ಲಿಸಿ ನೋಡಿದ. ಅವನಿಗೆ ವಿಷಯ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ದೀಪ ಆರಿದರೆ ಡಬ್ಬಿ ಸಾಯುತ್ತದೆ. ಡಬ್ಬಿ ಸತ್ತರೆ ಮೆಟ್ಟಿಲ ಪೆಟ್ಟಿಗೆಗೆ ರಸ್ತೆಯಾಚೆಯ ದಾರಿ ಮರೆಯುತ್ತದೆ. ದಾರಿ ತಿಳಿಯದ್ದನ್ನೆಲ್ಲ ಅದು ಮುಖ್ಯ ರೌಟರ್‌ಗೆ ಕೊಡುತ್ತದೆ. ಮುಖ್ಯ ರೌಟರ್ ಮಾತ್ರ ಒಂಬತ್ತು ವರ್ಷದ ಹಿಂದೆ ಯಜಮಾನ ಹೇಳಿದ್ದನ್ನು ಮರೆಯುವುದಿಲ್ಲ.

“ಅಯ್ಯೋ, ಇಷ್ಟೇನಾ,” ಎಂದ ಎಲೆಕ್ಟ್ರೀಷಿಯನ್. “ಆ ಸಾಲು ಅಳಿಸು, ಬಂದು ಟೀ ಕುಡಿ. ಎಲ್ಲ ನೇರ ಹೋಗುತ್ತೆ. ಯಾರಿಗೆ ಗೊತ್ತಾಗುತ್ತೆ?”

“ಅಕ್ಕಂಗೆ ನೋಟಿಸ್ ಆಗಿದೆ.”

“ನಾಳೆಯಿಂದ ಚಿತ್ರ ಹೋಗುತ್ತಲ್ಲ. ತಿದ್ಕೊಂಡಳು ಅಂತಾರೆ. ತಿದ್ಕೊಂಡೋರನ್ನ ಯಾರೂ ದಾಖಲೆ ಕೋಣೆಗೆ ಹಾಕಲ್ಲ.” ಸ್ವಲ್ಪ ತಡೆದು, “ಹಾಕಬಹುದು. ಆದ್ರೂ,” ಎಂದ.

ಎರಡು ಗಂಟೆಗೆ ಅವನು ಎದ್ದು ಸ್ವಿಚ್ ಹಾಕಿದ. ಡಬ್ಬಿಯಲ್ಲಿ ಹಸಿರು ಚುಕ್ಕಿ ಮೂಡಿತು. ಏನೂ ಆಗಿಲ್ಲ ಎಂಬಂತೆ.

ತಂತಿ ಕೋಣೆಗೆ ಬಂದು ಕೂತ. ಆ ಸಾಲನ್ನು ಅಳಿಸಲು ಅದರ ಮುಂದೆ ಒಂದು ಪದ ಸೇರಿಸಿ ಒತ್ತಿದರೆ ಸಾಕಿತ್ತು. ಆಮೇಲೆ ‘ನೆಟ್‌ವರ್ಕ್ ಸರಿ ಇದೆ’ ಎಂಬ ನಾಲ್ಕನೆಯ ಚೀಟಿಯನ್ನು ಪೂರ್ಣ ಪ್ರಾಮಾಣಿಕತೆಯಿಂದ ಬರೆಯಬಹುದಿತ್ತು. ಅಕ್ಕನ ಫೋನ್ ಬಂತು. “ಸಿಕ್ತಾ?” ಎಂದಳು. “ನೋಡ್ತಾ ಇದೀನಿ,” ಎಂದ. ಹದಿಮೂರು ವರ್ಷದಲ್ಲಿ ಆ ಮಾತನ್ನು ಅವನು ಹೇಳಿದ್ದು ಲೆಕ್ಕವಿಲ್ಲ. ಸುಳ್ಳಾಗಿ ಹೇಳಿದ್ದೂ ಇದೇ ಮೊದಲಲ್ಲ.

ಹೆಂಡತಿಗೆ ಫೋನ್ ಮಾಡಿದ. ಅವಳು ಶಾಲೆಯೊಂದರಲ್ಲಿ ಗುಮಾಸ್ತೆ. ತಾರೀಖುಗಳ ವಿಷಯದಲ್ಲಿ ಅವಳ ತಲೆ ರಿಜಿಸ್ಟರಿಗಿಂತ ಚೊಕ್ಕ. ತಾರೀಖು ಹೇಳಿ, “ಅದಾದ ಸೋಮವಾರ ನಾನು ಎಲ್ಲಿದ್ದೆ?” ಎಂದು ಕೇಳಿದ.

“ತಮಾಷೆ ಮಾಡ್ತಿದೀರಾ? ಆ ಸೋಮವಾರ ಬೆಳಿಗ್ಗೆ ಆರಕ್ಕೆ ನಿಮ್ಮ ಮಗಳು ಹುಟ್ಟಿದ್ದು.”

ತಂತಿ ಪರದೆಯ ಮೇಲಿನ ತಾರೀಖನ್ನು ಮತ್ತೊಮ್ಮೆ ಓದಿದ.

“ಏನಾಯ್ತು ರೀ?”

ಹೇಳಿದ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಅದು ಅವರ ಮನೆಯಲ್ಲಿ ಅಪರೂಪ.

“ಬಚ್ಚಲ ಬಾಗಿಲಿಗೆ ಕಟ್ಟಿರೋ ವೈರು,” ಎಂದಳು ಆಮೇಲೆ. “ಅಡುಗೆಮನೆ ನಲ್ಲಿಗೆ ಸುತ್ತಿರೋ ಟ್ಯೂಬು. ಕಿಟಕಿಗೆ ಇಟ್ಟಿರೋ ರಟ್ಟು. ಎಲ್ಲ ತಾತ್ಕಾಲಿಕ ಅಂತಾನೇ ಹೇಳಿದ್ರಿ. ನಮ್ಮ ಮನೇಲಿ ಗಟ್ಟಿಯಾಗಿ ನಿಂತಿರೋದು ಅವು ಮಾತ್ರ.”

“ಈಗ ಏನು ಮಾಡ್ಲಿ?”

“ಮಗಳು ಹುಟ್ಟಿದ ದಿನ ಅಂತ ಹೇಳಿ. ಯಾರೂ ಬೈಯಲ್ಲ.”

“ಹೇಳ್ಬೇಕು ಅಂತೀಯ ಹಾಗಾದ್ರೆ.”

“ನಾನೆಲ್ಲಿ ಅಂದೆ? ನೀವು ಆಗ್ಲೇ ಅಂದ್ಕೊಂಡಿದ್ದಕ್ಕೇ ಫೋನ್ ಮಾಡಿದ್ದು. ಅಳಿಸೋದಾಗಿದ್ರೆ ತಾರೀಖು ಯಾಕೆ ಬೇಕಿತ್ತು? ಇಡ್ತೀನಿ, ಬೆಲ್ ಆಯ್ತು.”

ನಾಲ್ಕು ಗಂಟೆಗೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಅಕ್ಕ ಒಂದು ಸಣ್ಣ ನೋಟ್‌ಬುಕ್ ಹಿಡಿದು ಕೂತಿದ್ದಳು. ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಎಲ್ಲ ಕಾಗದಗಳೂ ದಿನದ ಕೊನೆಗೆ ಯಾವುದಾದರೂ ಫೈಲಿನೊಳಗೆ ಇರಬೇಕು ಎಂಬುದು ಅವರ ಒಂದೇ ಆಸೆ. ತಂತಿಯನ್ನು ನೋಡಿ, “ನೀವು ಬರೋದೇನೂ ಬೇಕಿರ್ಲಿಲ್ಲ, ನಿಮ್ಮ ಚೀಟಿಗಳಿವೆಯಲ್ಲ,” ಎಂದರು.

“ಆ ಚೀಟಿಗಳು ತಪ್ಪು ಸರ್.”

“ಮೂರೂನಾ?”

“ಚೀಟಿ ಬರೆದ ಹೊತ್ತಿಗೆ ಸರಿ. ಚಿತ್ರ ಕಳೆದ ಹೊತ್ತಿಗೆ ತಪ್ಪು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ವಾಕ್ಯವನ್ನು ಯಾವ ಫೈಲಿಗೆ ಹಾಕುವುದೆಂದು ಅವರಿಗೆ ಹೊಳೆಯಲಿಲ್ಲ. ತಂತಿ ವಿವರಿಸಲು ಹೋಗಲಿಲ್ಲ. ಹಳೆಯ ಕಟ್ಟಡದಲ್ಲಿ ಸ್ವಿಚ್ಚಿನ ಪಕ್ಕ ಮೊದಲೇ ನಿಲ್ಲಿಸಿ ಬಂದಿದ್ದ ಎಲೆಕ್ಟ್ರೀಷಿಯನ್ನನಿಗೆ ಫೋನ್ ಮಾಡಿ “ಕಾರಿಡಾರ್ ಲೈಟ್ ಆರಿಸು” ಎಂದ. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತಿರುಗಿಸಿಟ್ಟ. ಎರಡು ವಿಳಾಸಗಳು ಒಂದರ ಕೆಳಗೊಂದು ಮೂವತ್ತು ಸಾಲು ಇಳಿದವು. “ಹಾಕು” ಎಂದ. ಈ ಸಲ ಮೂರೇ ಸಾಲಿನಲ್ಲಿ ಮುಗಿಯಿತು. ಸೂಪರಿಂಟೆಂಡೆಂಟರು ಇನ್ನೊಮ್ಮೆ ಆರಿಸಲು ಹೇಳಿದರು. ಆಮೇಲೆ ಮತ್ತೊಮ್ಮೆ. ನಾಲ್ಕನೆಯ ಸಲ ಫೋನಿನಲ್ಲಿ ಎಲೆಕ್ಟ್ರೀಷಿಯನ್, “ಸರ್‌ಗೆ ಮಜಾ ಬರ್ತಿದೆಯಾ?” ಎಂದದ್ದು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

“ಹಾಗಾದ್ರೆ ನನ್ನ ಸುತ್ತೋಲೆಯಿಂದ ಆಗಿದ್ದು ಅಂತೀರಾ?” ಎಂದರು ಸೂಪರಿಂಟೆಂಡೆಂಟರು. ದನಿ ಕೊಂಚ ತಗ್ಗಿತ್ತು.

ಅದು ತೆರೆದ ಬಾಗಿಲು. ಸುಮ್ಮನೆ ತಲೆಯಾಡಿಸಿದ್ದರೆ ಎಲ್ಲರೂ ಅದರೊಳಗಿಂದ ಹೊರಗೆ ಹೋಗಬಹುದಿತ್ತು. ತಂತಿ ಪಟ್ಟಿಯ ಆ ಸಾಲನ್ನು ಪರದೆಗೆ ತಂದು ಷರಾದ ಮೇಲೆ ಬೆರಳಿಟ್ಟ.

“ದೀಪ ಆರಿಸಿದ್ರೆ ದೀಪ ಆರಬೇಕು ಸರ್, ಅಷ್ಟೆ. ಈ ಸಾಲು ಇಲ್ಲಿ ಇರಬಾರದಿತ್ತು. ನಾನೇ ಬರೆದದ್ದು.”

ಸೂಪರಿಂಟೆಂಡೆಂಟರು ಓದಿದರು. “ಸೋಮವಾರ ತೆಗೆಯಬೇಕು. ಯಾವ ಸೋಮವಾರ?”

ಮಗಳು ಹುಟ್ಟಿದ ಮಾತು ತುಟಿಯವರೆಗೆ ಬಂತು. ಅಕ್ಕ ಅವನನ್ನೇ ನೋಡುತ್ತಿದ್ದಳು. ಚಿತ್ರ ಕಳೆದುಕೊಂಡ ನಲವತ್ತೊಂದು ಜನರ ಮುಂದೆ ಆ ಮಾತು ಇಡಲು ಯಾಕೋ ಮನಸ್ಸಾಗಲಿಲ್ಲ.

“ಮರೆತೆ ಸರ್,” ಎಂದ.

ಅಕ್ಕನ ನೋಟಿಸು ರದ್ದಾಯಿತು. ಹಳೆಯ ಕರಡು ಕಂಪ್ಯೂಟರಿನಲ್ಲೇ ಇದ್ದುದರಿಂದ ತಂತಿಯ ನೋಟಿಸಿಗೆ ಐದು ನಿಮಿಷ ಹಿಡಿಯಿತು; ಆತುರದಲ್ಲಿ ‘ಊಟದ ವೇಳೆಯ ಅಜಾಗರೂಕತೆ’ ಎಂಬುದು ಹಾಗೇ ಉಳಿದುಬಿಟ್ಟಿತು. ತಂತಿ ತಿದ್ದಿಸಲಿಲ್ಲ. ಯೋಚಿಸಿದರೆ ಅದು ಸರಿಯಾಗಿಯೇ ಇತ್ತು.

ಸಾಲು ಅಳಿಸಲು ಅವನು ಕೋಣೆಗೆ ಹೋದಾಗ ಅಕ್ಕ ಹಿಂದೆಯೇ ಬಂದಳು. ಮೊದಲು ಅದರ ಒಂದು ಪ್ರಿಂಟು ತೆಗೆಸಿ ಮಡಚಿ ನೋಟ್‌ಬುಕ್ಕಿನಲ್ಲಿಟ್ಟುಕೊಂಡಳು. ಸಾಲು ಹೋಯಿತು. ರೌಟರ್ ಕ್ಷಣವೂ ತಡೆಯದೆ ನೇರ ದಾರಿ ಹಿಡಿಯಿತು. ಅದಕ್ಕೆ ಪಶ್ಚಾತ್ತಾಪ ಎಂಬುದಿಲ್ಲ.

“ಆಯ್ತಕ್ಕ,” ಎಂದ ತಂತಿ. “ತಪ್ಪಾಯ್ತು.”

“ಆಗ್ಲಿಲ್ಲ ಇನ್ನೂ.” ಅಕ್ಕ ನೋಟ್‌ಬುಕ್ ತೆರೆದು ಅವನ ಮುಂದಿಟ್ಟಳು. ನಲವತ್ತೊಂದು ಹೆಸರು, ನಲವತ್ತೊಂದು ಫೋನ್ ನಂಬರು. “ಇವರಿಗೆಲ್ಲ ನಾನೇ ಫೋನ್ ಮಾಡಿದೀನಿ. ನನ್ನ ಕೈತಪ್ಪಿಂದ ಚಿತ್ರ ಕಳೆದುಹೋಗಿದೆ, ಇನ್ನೊಂದು ಸಲ ಬನ್ನಿ ಅಂತ. ಹಾಗೇ ಹೇಳು ಅಂತ ಸರ್ ಬರೆದುಕೊಟ್ಟಿದ್ರು. ಮುರಿದ ಕಾಲಲ್ಲಿ ಎರಡು ಬಸ್ಸು ಹತ್ತಿ ಬಂದೋರಿದಾರೆ. ಒಬ್ಬಾಕೆ ನನ್ನ ಮುಖ ನೋಡಿ, ನಿಮ್ಮನ್ನ ನಂಬಿದ್ದೆ ಅಂದಳು. ಇಲ್ಲಿ ನೋಟಿಸ್ ರದ್ದಾದ್ರೆ ಅವರ ಮನೆಗಳಲ್ಲಿ ರದ್ದಾಗಲ್ಲ.”

“ಹೌದು.”

“ನೀನು ಫೋನ್ ಮಾಡು. ನಿನ್ನ ಬಾಯಲ್ಲೇ ಹೇಳು.”

“ಈಗ್ಲಾ?”

“ಸೋಮವಾರ ಅಂತೀಯಾ?”

ತಂತಿ ಫೋನ್ ಎಳೆದುಕೊಂಡ. ಮಧ್ಯಾಹ್ನ ಮುಚ್ಚಿದ ಡಬ್ಬಿ ಇನ್ನೂ ಮೇಜಿನ ಮೂಲೆಯಲ್ಲೇ ಇತ್ತು. ಮೊದಲನೆಯ ನಂಬರು ಒಬ್ಬ ಮುದುಕರದು, ಎಡ ಮಣಿಕಟ್ಟು. ಐದಾರು ಸಲ ರಿಂಗಾದ ಮೇಲೆ ಎತ್ತಿದರು. ಅವನು ಆಸ್ಪತ್ರೆಯಿಂದ ಎಂದ. ಅವರು ಮತ್ತೆ ಬರಬೇಕಾ ಎಂದರು. ಬೇಡ ಎಂದ. ಚಿತ್ರ ಕಳೆದದ್ದು ಎಕ್ಸ್‌ರೇ ಅಕ್ಕನ ತಪ್ಪಲ್ಲ, ನನ್ನ ತಪ್ಪು ಎಂದ. ಯಾರು ಮಾತಾಡೋದು ಎಂದರು. ಹೇಳಿದ. ಕೇಳಿಸಲಿಲ್ಲ, ಗಟ್ಟಿಯಾಗಿ ಎಂದರು. ಗಟ್ಟಿಯಾಗಿ ಹೇಳಿದ. ಆಚೆ ಅವರು ಮನೆಯೊಳಗೆ ಯಾರಿಗೋ, “ಆ ಹುಡುಗಿ ತಪ್ಪಲ್ಲವಂತೆ,” ಎನ್ನುವುದು ಕೇಳಿಸಿತು. ಐವತ್ತೆರಡು ವರ್ಷದ ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡಳು.

“ಮಣಿಕಟ್ಟು ಹೇಗಿದೆ ಅಂತ ಕೇಳು,” ಎಂದಳು.

ಕೇಳಿದ. ನೋವಿದೆ, ಚಳಿಗೆ ಜಾಸ್ತಿ ಎಂದರು. ಅದರ ಬಗ್ಗೆ ಹತ್ತು ನಿಮಿಷ ಹೇಳಿದರು. ತಂತಿ ಹ್ಞೂಂಗುಟ್ಟುತ್ತಾ ಕೇಳಿದ. ಈ ಮಾತನ್ನು ಪಕ್ಕದವರ ಕೈಗೆ ದಾಟಿಸುವಂತಿರಲಿಲ್ಲ.

ಫೋನ್ ಇಟ್ಟಾಗ ಅಕ್ಕ ಮೊದಲನೆಯ ಹೆಸರಿನ ಮೇಲೆ ಗೆರೆ ಎಳೆದು, ಪುಟದ ಮೂಲೆಯಲ್ಲಿ ‘40’ ಎಂದು ಬರೆದಳು. ಆಮೇಲೆ ಅವನ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಸರಿಸಿದಳು.

“ಎರಡು ತುತ್ತು ತಿನ್ನು. ಮುಂದಿನದು ಹೆಂಗಸು, ಬಲ ಮೊಣಕಾಲು. ಜಗಳಗಂಟಿ.”